ಎಲೆ ಕಲೆಸುವ ಪೆಟ್ಟಿಗೆಯನ್ನು ನಂಬಬಹುದೇ? ಸಂಭವನೀಯತೆಯ ಒಂದು ಟಿಪ್ಪಣಿ

ಮಳೆಗಾಲದಲ್ಲಿ ಜಗಲಿ ಮೇಲೆ ಕೂತು ಇಸ್ಪೀಟ್ ಆಡಿದ ಮಲೆನಾಡಿಗರಿಗೆಲ್ಲ ಗೊತ್ತು: ಕಲೆಸುವವನ ಕೈ ಮೇಲೇ ಎಲ್ಲರ ಕಣ್ಣು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಾವನಿಗೆ ಒಂದು ಕಟ್ (ಕಲೆಸಿದ ಎಲೆಗಳನ್ನು ಎರಡು ಪಾಲು ಮಾಡಿ ಮೇಲಿನದನ್ನು ಕೆಳಗಿಡುವುದು) ಸಾಲದು, ಎರಡು ಸಲ ಮಾಡಿಸುತ್ತಾನೆ. ಗೋವಾದ ಕ್ಯಾಸಿನೊ ನೋಡಿ ಬಂದ ಮಾವ ಹೇಳಿದ್ದು ಇಷ್ಟೇ: "ಪೆಟ್ಟಿಗೆ ಕಲೆಸತ್ತೆ ಮಾರಾಯ, ಅದನ್ನ ಹೆಂಗೆ ನಂಬೂದು?"

ಬ್ಲ್ಯಾಕ್‌ಜಾಕ್‌ನಲ್ಲಿ ಕೈಯಲ್ಲಿರುವ ಎಲೆಗಳ ಒಟ್ಟು ಬೆಲೆ 21 ದಾಟದೆ, ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ನನ್ನು ಮೀರಿಸಬೇಕು. ರಾಜ, ರಾಣಿ, ಗುಲಾಮನಿಗೂ 10ರ ಬೆಲೆ. ಆರು ಕಟ್ಟು ಅಂದರೆ 312 ಎಲೆ. ಅದರಲ್ಲಿ ಹತ್ತರ ಬೆಲೆಯವು 96, ಅಂದರೆ ಶೇ 30.8. ಮೊದಲ 52 ಎಲೆಗಳಲ್ಲಿ ಅಂಥವು 10 ಮಾತ್ರ ಬಂದವು ಎನ್ನೋಣ. ಉಳಿದ 260ರಲ್ಲಿ 86, ಶೇ 33.1. ಆಟಗಾರನಿಗೆ ಅನುಕೂಲ, ಪಂದ್ಯ ಏರಿಸುತ್ತಾನೆ. 1962ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ಜಗತ್ತಿಗೆ ತಿಳಿಸಿದ ಎಲೆ ಎಣಿಕೆಯ ತಿರುಳು ಇದು. ಚೀಲದಿಂದ ತೆಗೆದ ಅಡಿಕೆಯನ್ನು ಪಕ್ಕಕ್ಕಿಟ್ಟರೆ ಒಳಗೆ ಉಳಿದದ್ದೇನೆಂದು ಅಂದಾಜು ಸಿಗುತ್ತದಲ್ಲ, ಹಾಗೆ.

ನಿರಂತರವಾಗಿ ಕಲೆಸುವ ಯಂತ್ರದಲ್ಲಿ ಆಡಿದ ಎಲೆ ಪ್ರತಿ ಸುತ್ತಿಗೂ ಒಳಗೇ ವಾಪಸ್. ಚೀಲ ಮತ್ತೆ ಭರ್ತಿ, ಎಣಿಕೆ ನಿಷ್ಪ್ರಯೋಜಕ. ಎಣಿಸುವವರ ಸಿಟ್ಟು ಇಲ್ಲಿಂದಲೇ, ಇದರಲ್ಲಿ ಮೋಸವೇನಿಲ್ಲ. ಒಂದೊಂದು ಆಟಕ್ಕೆ ನೋಡಿದರೆ ಕ್ಯಾಸಿನೊದ ಲಾಭ ಕೂದಲೆಳೆಯಷ್ಟು ಕಮ್ಮಿಯೇ ಆಗುತ್ತದೆ. ಪೆಟ್ಟು ಬೀಳುವುದು ವೇಗದಲ್ಲಿ. ಕಲೆಸುವ ಬಿಡುವು ಇಲ್ಲವಾದ್ದರಿಂದ ಗಂಟೆಗೆ ಆಟಗಳು ಹೆಚ್ಚು. ಕ್ಯಾಸಿನೊದ ಪಾಲು ಶೇ 0.5 ಎಂದು ಹಿಡಿದು, ₹1000 ಪಂದ್ಯದ 70 ಆಟಕ್ಕೆ ಲೆಕ್ಕ ಹಾಕಿದರೆ ಸರಾಸರಿ ನಷ್ಟ ₹350. ಅದೇ ಹೊತ್ತಿನಲ್ಲಿ 84 ಆಟವಾದರೆ ₹420.

ಹಾಗಾದರೆ ಯಂತ್ರ ನಿಜಕ್ಕೂ ಚೆನ್ನಾಗಿ ಕಲೆಸುತ್ತದೆಯೇ? ನನಗೆ ಇಷ್ಟವಾದ ಭಾಗ ಇದು. ಪರ್ಸಿ ಡಯಾಕೊನಿಸ್, ಜೇಸನ್ ಫುಲ್ಮನ್, ಸೂಸನ್ ಹೋಮ್ಸ್ ಎಂಬ ಸಂಶೋಧಕರು ಹತ್ತು ಅರೆಗಳ (ಒಳಗಿನ ಖಾನೆಗಳ) ಇನ್ನೊಂದು ಬಗೆಯ ಯಂತ್ರವನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಪ್ರತಿ ಎಲೆಯೂ ಯಾವುದೋ ಒಂದು ಅರೆಗೆ ಹೋಗಿ, ಅಲ್ಲಿರುವ ಎಲೆಗಳ ಮೇಲೋ ಕೆಳಗೋ ಕೂರುತ್ತದೆ. ಒಂದು ಅರೆಗೆ ಹಳೆಯ ಕ್ರಮದ 1, 3, 4, 7, 8ನೇ ಎಲೆಗಳು ಸರದಿಯಲ್ಲಿ ಬಂದವು, 3 ಮತ್ತು 8 ಕೆಳಗೆ ಹೋದವು, 4 ಮತ್ತು 7 ಮೇಲೆ ಕೂತವು ಎನ್ನಿ. ಮೇಲಿನಿಂದ ಓದಿದರೆ 7, 4, 1, 3, 8. ಇಳಿದು ಏರುತ್ತದೆ, ಘಾಟಿಯಿಂದ ಕಣಿವೆಗಿಳಿದು ಮತ್ತೆ ಹತ್ತಿದಂತೆ. ಯಾವ ಎಲೆ ಹೇಗೆ ಬಿದ್ದರೂ ಅರೆಯೊಳಗಿನ ಆಕಾರ ಇದೇ. ಹಳೆಯ ಕ್ರಮ ಗೊತ್ತಿದ್ದವನು ಈ ಏರಿಳಿತ ಹಿಡಿದು ಮುಂದಿನ ಎಲೆ ಊಹಿಸಬಹುದು: 52ರಲ್ಲಿ ಸರಾಸರಿ ಒಂಬತ್ತೂವರೆ ಸರಿ. ಪೂರ್ತಿ ಯಾದೃಚ್ಛಿಕವಾಗಿದ್ದರೆ ನಾಲ್ಕೂವರೆ ಮಾತ್ರ. ಅದೇ ಯಂತ್ರದಲ್ಲಿ ಎರಡು ಸಲ ಹಾಯಿಸಿದರೆ 200 ಅರೆಗಳಲ್ಲಿ ಒಮ್ಮೆ ಕಲೆಸಿದ್ದಕ್ಕೆ ಸಮ, ತೊಂದರೆ ಹೋಗುತ್ತದೆ. 20 ಅಲ್ಲ, 100 ಅಲ್ಲ, 200 ಏಕೆ? ಅದನ್ನು ನೀವೇ ಬಿಡಿಸಿ ನೋಡಿ. ಮೇಲೆ-ಕೆಳಗೆ ಎಂಬ ಆಯ್ಕೆ ಮರೆಯಬೇಡಿ.

ಮಾವನ ಅನುಮಾನಕ್ಕೆ ಹತ್ತಿರದ್ದು 2023ರಲ್ಲಿ ಬಂತು. ಎಲೆ ಕಾಣೆಯಾಗಿದೆಯೇ ಎಂದು ನೋಡಲು ಒಳಗೆ ಕ್ಯಾಮೆರಾ ಇರುವ ಒಂದು ಯಂತ್ರದ ಯುಎಸ್‌ಬಿ ಕಿಂಡಿಗೆ ಸಾಧನ ಸಿಕ್ಕಿಸಿ, ಇಡೀ ಕಟ್ಟಿನ ಕ್ರಮ ತಿಳಿಯಬಹುದೆಂದು ಭದ್ರತಾ ಸಂಶೋಧಕರು ಲಾಸ್ ವೇಗಸ್‌ನಲ್ಲಿ ತೋರಿಸಿದರು. ಆಗ ಕಟ್ ಕಾಪಾಡುತ್ತದೆಯೇ? ಕಟ್ ಮಾಡಿದರೆ ಕ್ರಮ ಮುರಿಯುವುದಿಲ್ಲ, ಚಕ್ರದಲ್ಲಿ ಶುರುವಾಗುವ ಜಾಗ ಬದಲಾಗುತ್ತದೆ ಅಷ್ಟೆ. ಕ್ರಮ ಬಲ್ಲವನಿಗೆ ಒಂದು ಎಲೆ ಕಂಡರೆ ಸಾಕು. ಇನ್ನು ಎರಡನೇ ಕಟ್? ಎರಡೂ ಸೇರಿ ಒಂದೇ ಸಲ ಕಟ್ ಮಾಡಿದಂತೆ. ಇದನ್ನು ಮಾವನಿಗೆ ಇನ್ನೂ ಹೇಳಿಲ್ಲ.