ಕಲಬುರಗಿಯ ಕೂಲರ್ ಮಂಗಳೂರಿನಲ್ಲಿ ಯಾಕೆ ತಂಪು ಮಾಡುವುದಿಲ್ಲ?

ಪ್ರಶ್ನೆ: ನಾವು ಕಲಬುರಗಿಯವರು. ಅಲ್ಲಿ 42 ಡಿಗ್ರಿ ಬಿಸಿಲಿದ್ದರೂ ಕೂಲರ್ ಹಾಕಿಕೊಂಡು ಮಧ್ಯಾಹ್ನ ಆರಾಮಾಗಿ ಮಲಗುತ್ತಿದ್ದೆವು. ಈಗ ಮಂಗಳೂರಿಗೆ ಬಂದಿದ್ದೇವೆ. ಇಲ್ಲಿ 34 ಡಿಗ್ರಿ ಅಷ್ಟೇ. ಆದರೂ ಅದೇ ಕೂಲರ್ ಮುಂದೆ ಕೂತು ಬೆವರುತ್ತಿದ್ದೇವೆ. ಕೂಲರ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಸುಮ್ನೆ ರಿಪೇರಿಗೆ ದುಡ್ಡು ಹಾಕಬೇಡಿ. ನಿಮ್ಮೂರಿನದು ಒಣ ಬಿಸಿಲು, ಇಲ್ಲಿನದು ತೇವ ತುಂಬಿದ ಸೆಕೆ.

ನೀರು ಆರುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕೂಲರ್ ಕೆಲಸ ಮಾಡುವುದು ಇದರಿಂದಲೇ. ಗೋಡೆಗೆ ಹಾಕುವ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಕೆಳಗೆ ಹಿಡಿದು ನೋಡಿ. ಕಲಬುರಗಿಯ 42 ಡಿಗ್ರಿಯಲ್ಲಿ, ಗಾಳಿಯ ತೇವ ಶೇ 15ರಷ್ಟಿದ್ದರೆ, ಅದು ಸುಮಾರು 22ಕ್ಕೆ ಇಳಿಯುತ್ತದೆ. ಮಂಗಳೂರಿನ 34 ಡಿಗ್ರಿಯಲ್ಲಿ, ತೇವ ಶೇ 70 ಇದ್ದರೆ, 29ಕ್ಕೆ ಬಂದು ನಿಂತುಬಿಡುತ್ತದೆ. ಎಂಥ ದುಬಾರಿ ಕೂಲರ್ ತಂದರೂ ಅದಕ್ಕಿಂತ ಕೆಳಗೆ ಇಳಿಸಲು ಆಗದು. ಸಾಲದ್ದಕ್ಕೆ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ. ಕೂಲರ್ ಇರುವ ಕೋಣೆಯಲ್ಲಿ ಒಂದು ಹಪ್ಪಳ ಬಿಚ್ಚಿಡಿ, ಸ್ವಲ್ಪ ಹೊತ್ತಿಗೆ ಬಟ್ಟೆಯ ಹಾಗೆ ಬಾಗುತ್ತದೆ.

ನಮ್ಮ ಮೈ ತಂಪಾಗುವುದೂ ಹೀಗೇ ಅಲ್ವಾ? ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಮೈಗೆ ಹೆಚ್ಚೇನೂ ಉಪಯೋಗವಿಲ್ಲ. ಸೆಕೆಯಲ್ಲಿ ಆಗುವುದು ಇದೇ. ನೀರು, ಉಪ್ಪು ಎರಡೂ ಖರ್ಚು, ತಂಪು ಮಾತ್ರ ಇಲ್ಲ.

ಹಾಗಾಗಿ ಕೂಲರಿನ ನೀರು ಚೆಲ್ಲಿ, ಟ್ಯಾಂಕ್ ಒಣಗಿಸಿ, ಬರೀ ಫ್ಯಾನಾಗಿ ಬಳಸಿ. ನಿಂತ ನೀರಲ್ಲಿ ಸೊಳ್ಳೆ ಮರಿ ಮಾಡುವುದೂ ತಪ್ಪುತ್ತದೆ. ಎದುರುಬದುರು ಕಿಟಕಿ ತೆರೆಯಿರಿ. ಕಿಟಕಿಗೆ ಒದ್ದೆ ಚಾದರ ಕಟ್ಟುವ ನಿಮ್ಮೂರಿನ ರೂಢಿ ಇಲ್ಲಿ ಬೇಡ. ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ. ಏಸಿ ಇದ್ದರೆ 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಏಸಿ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ, ಇಲ್ಲಿ ಅದರ ದೊಡ್ಡ ಉಪಕಾರ ಅದೇ.

ಕುಡಿಯುವುದಕ್ಕೆ ಇಲ್ಲಿನವರ ದಾರಿ ಹಿಡಿಯಿರಿ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ತಿಳಿಯ ಸಮೇತ ಉಣ್ಣುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಮಜ್ಜಿಗೆ, ಪುನರ್ಪುಳಿ (ಕೋಕಂ) ಶರಬತ್ತು, ಬೊಂಡ (ಎಳನೀರು) ಇದ್ದೇ ಇವೆ. ಬಿಪಿ ಅಥವಾ ಕಿಡ್ನಿ ತೊಂದರೆ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಿ.

ಬೆವರುಸಾಲೆ, ತೊಡೆಸಂದಿಯ ತುರಿಕೆ ಹೊಸಬರಿಗೆ ಬೇಗ ಬರುತ್ತದೆ. ಸ್ನಾನವಾದ ಮೇಲೆ ಸಂದುಗಳನ್ನು ಚೆನ್ನಾಗಿ ಒರೆಸಿ, ಸಡಿಲ ಹತ್ತಿಬಟ್ಟೆ ಹಾಕಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆಸಿದ ಮುಲಾಮು ಮಾತ್ರ ಖಂಡಿತ ಹಚ್ಚಬೇಡಿ. ಎರಡು ದಿನ ತುರಿಕೆ ನಿಂತ ಹಾಗೆ ಕಂಡು ಆಮೇಲೆ ಹುಳುಕಡ್ಡಿ ಜಾಸ್ತಿ ಹಬ್ಬುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅವರ ಮೇಲೆ ಕಣ್ಣಿಡಿ. ಮೈ ಸುಡುತ್ತಾ ಮಾತು ತೊದಲಿದರೆ, ಗಲಿಬಿಲಿ ಮಾಡಿಕೊಂಡರೆ, ಬೆವರುತ್ತಿದ್ದರೂ ಸರಿ, 108ಕ್ಕೆ ಕರೆ ಮಾಡಿ. ಗಾಡಿ ಬರುವ ತನಕ ಮೈಗೆ ನೀರು ಹಾಕುತ್ತಾ ಜೋರಾಗಿ ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.