ಬಚ್ಚಲ ಕಿಟಕಿಗೆ ಅಂಟಿಸಿದ ಮಬ್ಬು ಫಿಲ್ಮ್ ಯಾಕೆ ಬೊಬ್ಬೆ ಎದ್ದಿತು?

ಪ್ರಶ್ನೆ: ಕೋಲಾರದಲ್ಲಿ ನಮ್ಮದು ಹೊಸ ಮನೆ. ಬಚ್ಚಲ ಕಿಟಕಿಗೆ ಸಾದಾ ಗಾಜು ಹಾಕಿಸಿಬಿಟ್ಟೆವು. ಎದುರು ಮನೆಯವರ ಮಹಡಿ ಮೆಟ್ಟಿಲು ನೇರಕ್ಕೆ ಬರುತ್ತೆ. ಯುಗಾದಿ ಹೊತ್ತಿಗೆ ಫ್ರಾಸ್ಟೆಡ್ ಫಿಲ್ಮ್ ತಂದು ನಾವೇ ಅಂಟಿಸಿದೆವು. ಎರಡೇ ತಿಂಗಳಿಗೆ ಅಲ್ಲಲ್ಲಿ ಬೊಬ್ಬೆ, ಬಿಳಿ ಚುಕ್ಕೆ, ಅಂಚೆಲ್ಲ ಸುರುಳಿ. ಫಿಲ್ಮೇ ಕಳಪೆಯೋ, ನಮ್ಮ ತಪ್ಪೋ? ಸ್ಪ್ರೇ, ಕ್ರೀಮು, ಎಪ್ಸಮ್ ಸಾಲ್ಟ್ ಅಂತ ಬೇರೆ ದಾರಿಗಳನ್ನೂ ಹೇಳ್ತಾರೆ. ದೇವರಮನೆ ಬಾಗಿಲ ಗಾಜಿಗೂ ರಂಗೋಲಿ ಮಾಡಿಸೋ ಆಸೆ ಇದೆ. ಏನು ಮಾಡೋದು?

ಉತ್ತರ: ಫಿಲ್ಮ್ ಮೇಲೆ ತಪ್ಪು ಹೊರಿಸೋ ಮೊದಲು, ಅಂಟಿಸುವಾಗ ಯಾವ ನೀರು ಚಿಮುಕಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಬೋರ್‌ವೆಲ್ ನೀರಾಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. ಸ್ಟೀಲ್ ಬಿಂದಿಗೆ ಕಂಠದಲ್ಲಿ ಕಟ್ಟುವ ಬಿಳಿ ಪಟ್ಟೆ, ಗೀಸರ್ ಕಾಯಿಲ್ ಮೇಲೆ ಕೂರುವ ಸುಣ್ಣದ ಚಿಪ್ಪು ನಮ್ಮ ಕಡೆ ಯಾರಿಗೂ ಹೊಸದಲ್ಲ. ಫಿಲ್ಮಿಗೂ ಗಾಜಿಗೂ ನಡುವೆ ಉಳಿದ ನೀರು ಮೆಲ್ಲಗೆ ಆರಿಹೋಗುತ್ತೆ, ಅದರಲ್ಲಿದ್ದ ಲವಣ ಮಾತ್ರ ಅಲ್ಲೇ ಉಳಿಯುತ್ತೆ. ಬಿಳಿ ಚುಕ್ಕೆ ಅಂದರೆ ಅದೇ. ಆ ಚುಕ್ಕೆಯ ಮೇಲೆ ಅಂಟು ಹಿಡಿಯಲ್ಲ. ಬಿಸಿಲಿಗೆ ಗಾಜು ಕಾದಾಗ ಅಲ್ಲಿಂದಲೇ ಬೊಬ್ಬೆ ಏಳುತ್ತೆ.

ಅಂಚು ಸುರುಳಿಯಾದದ್ದಕ್ಕೆ ಕಾರಣ ಬೇರೆ. ಹೆಚ್ಚಿನವರು ಫಿಲ್ಮನ್ನು ಚೌಕಟ್ಟಿನ ರಬ್ಬರಿಗೆ ತಾಗುವಷ್ಟು ದೊಡ್ಡದಾಗಿ ಕತ್ತರಿಸುತ್ತಾರೆ, ಸಂದು ಕಾಣಬಾರದು ಅಂತ. ರಬ್ಬರಿನ ಮೇಲೆ ಹತ್ತಿದ ಅಂಚು ಗಾಜಿಗೆ ಕೂರಲ್ಲ. ಒಳಗಿನ ನೀರಿಗೆ ಹೊರಹೋಗಲು ದಾರಿಯೂ ಇಲ್ಲ. ಬಚ್ಚಲ ಹಬೆ ಅಲ್ಲಿಂದಲೇ ಒಳಗೆ ನುಗ್ಗುತ್ತೆ. ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ಗಾಜು ಬರಿದಾಗಿ ಉಳಿಯಲೇಬೇಕು.

ಬೇರೆ ದಾರಿಗಳಿಗೆ ಹೋಗುವ ಮೊದಲು, ಗಾಜು ಮಬ್ಬಾಗೋದು ಹೇಗೆ ಅಂತ ತಿಳಿದರೆ ಆಯ್ಕೆ ಸುಲಭ. ನಯವಾದ ಗಾಜಿನಲ್ಲಿ ಬೆಳಕು ನೇರ ಹಾಯುತ್ತೆ. ಮೇಲ್ಮೈ ಒರಟಾದರೆ, ಇಲ್ಲವೇ ಮೇಲೆ ಬಿಳಿ ಕಣಗಳ ಪದರ ಕೂತರೆ ಬೆಳಕು ದಿಕ್ಕಾಪಾಲಾಗಿ ಚದುರುತ್ತೆ. ಬೆಳಕು ಬರುತ್ತೆ, ಆಕಾರ ಬರಲ್ಲ. ಅಂಗಡಿಯಲ್ಲಿ ಸ್ಯಾಂಡ್ ಬ್ಲಾಸ್ಟ್ ಮಾಡಿದ, ಅಂದರೆ ಮರಳು ರಭಸವಾಗಿ ಚಿಮ್ಮಿಸಿ ಒರಟು ಮಾಡಿದ ಗಾಜು ಕಂಡರೆ ಒರಟು ಮುಖಕ್ಕೆ ಒಂದು ತುಂಡು ಸೆಲ್ಲೋಟೇಪ್ ಒತ್ತಿ ನೋಡಿ. ಅಂಟು ಆ ಏರುತಗ್ಗುಗಳನ್ನು ತುಂಬಿದ ಕೂಡಲೇ ಅಷ್ಟು ಜಾಗ ಪಾರದರ್ಶಕವಾಗಿಬಿಡುತ್ತೆ. ನೀರು ಬಿದ್ದರೂ ಹಾಗೇ. ಆದ್ದರಿಂದ ಬ್ಲಾಸ್ಟ್ ಮಾಡಿದ ಗಾಜನ್ನು ಬಚ್ಚಲಿಗೆ ಹಾಕುವಾಗ ಒರಟು ಮುಖ ಹೊರಗಿರಬೇಕು. ಒಳಗೆ ತಿರುಗಿಸಿ ಹಾಕಿದರೆ ಸ್ನಾನದ ನೀರು ಚಿಮ್ಮಿದ ಕಡೆಯೆಲ್ಲ ಮಬ್ಬು ಹೋಗುತ್ತೆ, ಅದೂ ಮರೆ ಬೇಕಾದ ಹೊತ್ತಿನಲ್ಲೇ. ಅಂಟಿಸುವ ವಿನೈಲ್ (ಪ್ಲಾಸ್ಟಿಕ್) ಫಿಲ್ಮಿನಲ್ಲಿ ಬೆಳಕು ಚದುರಿಸುವ ಕಣಗಳು ಪದರದೊಳಗೇ ಇರೋದರಿಂದ ಈ ತೊಂದರೆ ಅಷ್ಟಿಲ್ಲ.

ಇನ್ನೊಂದು ಪರೀಕ್ಷೆ: ಮಬ್ಬು ಗಾಜಿಗೆ ಅಂಗೈ ಒತ್ತಿ ಹಿಡಿದರೆ ಆಚೆಯಿಂದ ಬೆರಳು ಎಣಿಸಬಹುದು. ಒಂದು ಗೇಣು ಹಿಂದಕ್ಕೆ ತನ್ನಿ, ಬೆರಳೆಲ್ಲ ಕಲಸಿಹೋಗಿ ಬರೀ ನೆರಳು. ರಾತ್ರಿ ಒಳಗೆ ದೀಪ ಉರಿಯುವಾಗ ಗಾಜಿನ ಪಕ್ಕದಲ್ಲೇ ನಿಂತರೆ ನೆರಳಿನ ಆಕಾರ ಕಂಡೇ ಕಾಣುತ್ತೆ, ಯಾವ ಫಿಲ್ಮಾದರೂ ಅಷ್ಟೆ. ಶವರ್ ಕಿಟಕಿಗೆ ತೀರಾ ಹತ್ತಿರವಿದ್ದರೆ ಕೆಳಗಿನ ಅರ್ಧಕ್ಕೆ ಒಂದು ಪರದೆಯೂ ಇರಲಿ.

ನಿಮ್ಮ ಕಿಟಕಿಗೆ ನಮ್ಮ ಸಲಹೆ ಮತ್ತೆ ಫಿಲ್ಮೇ, ಈ ಸಲ ಸರಿಯಾಗಿ.

ಮೊದಲು ಹಳೆಯದನ್ನು ಕೀಳಬೇಕು. ಹೇರ್ ಡ್ರೈಯರಿನಿಂದ ಒಂದು ಮೂಲೆ ಬೆಚ್ಚಗಾಗಿಸಿ ನಿಧಾನಕ್ಕೆ ಓರೆಯಾಗಿ ಎಳೆಯಿರಿ. ಕೋಪದಲ್ಲಿ ಕಿತ್ತರೆ ಫಿಲ್ಮ್ ಬಂದು ಅಂಟು ಗಾಜಿನಲ್ಲೇ ಉಳಿಯುತ್ತೆ. ಹಾಗೆ ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಬ್ಲೇಡಿನಲ್ಲಿ ಹೆರೆಯಿರಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ಸಲ ತೊಳೆಯಿರಿ. ಎಣ್ಣೆಯ ಪಸೆ ಉಳಿದರೆ ಹೊಸದೂ ಹಿಡಿಯಲ್ಲ. ನೀರಿನ ಬಿಳಿ ಕಲೆಗಳಿಗೆ ವಿನೆಗರ್ ಇಲ್ಲವೇ ನಿಂಬೆರಸ ಒರೆಸಿ ಐದು ನಿಮಿಷ ಬಿಡಿ, ಸುಣ್ಣ ಕರಗುತ್ತೆ. ಕೊನೆಯ ತೊಳೆತ ಮಾತ್ರ ಆರ್‌ಒ ನೀರಿನಲ್ಲಿ. ಕುಡಿಯುವ ನೀರಿನ ಕ್ಯಾನಿನಿಂದ ಎರಡು ಲೀಟರ್ ಎತ್ತಿಟ್ಟುಕೊಂಡರೆ ಇಡೀ ಕೆಲಸಕ್ಕೆ ಸಾಕು.

ಗಾಜು ಕಾಣುವಷ್ಟು ಭಾಗವನ್ನು ಮಾತ್ರ ಅಳೆಯಿರಿ. ಸ್ಲೈಡಿಂಗ್ ಕಿಟಕಿಯ ಒಂದೊಂದು ಗಾಜು 22 ಇಂಚು ಅಗಲ, 34 ಇಂಚು ಎತ್ತರ ಅನ್ನಿ. ಅಂಟಿಸಿದ ಮೇಲೆ ಕತ್ತರಿಸಿ ತೆಗೆಯಲು ನಾಲ್ಕೂ ಕಡೆ ಒಂದೊಂದು ಇಂಚು ಹೆಚ್ಚು ಹಿಡಿದರೆ 24ಕ್ಕೆ 36. ಫಿಲ್ಮ್ ರೋಲ್ ನಾಲ್ಕು ಅಡಿ ಅಗಲದ್ದಾದರೆ ಎರಡು ಗಾಜಿಗೂ ಅಕ್ಕಪಕ್ಕ ಇಟ್ಟು ಮೂರು ಅಡಿ ಉದ್ದ ತಂದರೆ ಆಯ್ತು. ಸುರುಳಿ ಸುತ್ತಿಸಿಕೊಂಡೇ ತನ್ನಿ. ಮಡಿಸಿ ತಂದರೆ ಆ ಗೆರೆ ಸಾಯೋವರೆಗೂ ಹೋಗಲ್ಲ.

ಬಿಸಿಲು ಬೀಳುವ ಹೊತ್ತಲ್ಲಿ ಈ ಕೆಲಸ ಬೇಡ, ನೀರು ಆರಿ ಅಂಟು ಅರ್ಧದಲ್ಲೇ ಕಚ್ಚಿಕೊಳ್ಳುತ್ತೆ. ಆಷಾಢದ ಗಾಳಿಯಲ್ಲೂ ಬೇಡ, ಧೂಳು. ಬೆಳಿಗ್ಗೆ ಯಾರಾದರೂ ಸ್ನಾನ ಮಾಡಿದ ಮೇಲೆ ಹಬೆಗೆ ಗಾಳಿಯಲ್ಲಿನ ಧೂಳು ಕೆಳಗೆ ಕೂತಿರುತ್ತೆ, ಅದೇ ಒಳ್ಳೆ ಸಮಯ. ಫ್ಯಾನ್ ಆಫ್ ಮಾಡಿ.

ಸ್ಪ್ರೇ ಬಾಟಲಿಯಲ್ಲಿ ಅರ್ಧ ಲೀಟರ್ ಆರ್‌ಒ ನೀರಿಗೆ ನಾಲ್ಕೈದು ಹನಿ ಶಾಂಪೂ. ಇದಕ್ಕಿಂತ ಹೆಚ್ಚು ಹಾಕುವವರೇ ಜಾಸ್ತಿ. ಜಾರಲು ಬೇಕಾದಷ್ಟು ಸಾಕು; ನೊರೆ ಏಳುವಷ್ಟು ಹಾಕಿದರೆ ಆ ಪದರ ಆರಿ ಅಂಟಿಗೂ ಗಾಜಿಗೂ ಅಡ್ಡ ನಿಲ್ಲುತ್ತೆ. ಗಾಜಿನ ಅಂಚಿಗೆ, ರಬ್ಬರಿನ ಸಂದಿಗೆ ಮೊದಲು ಚಿಮುಕಿಸಿ ಒರೆಸಿ ತೆಗೆಯಿರಿ. ಮಣ್ಣೆಲ್ಲ ಅಡಗಿರೋದು ಅಲ್ಲೇ. ಒರೆಸಲು ಹಳೆ ಬನಿಯನ್ ಒಳ್ಳೇದು, ಟವೆಲ್ ನೂಲು ಬಿಡುತ್ತೆ.

ಹಿಂದಿನ ಕಾಗದ ಬಿಡಿಸೋದು ಉಗುರಿನಿಂದ ಆಗದ ಕೆಲಸ. ಮೂಲೆಯ ಎರಡೂ ಮುಖಕ್ಕೆ ಒಂದೊಂದು ತುಂಡು ಸೆಲ್ಲೋಟೇಪ್ ಅಂಟಿಸಿ ಎರಡನ್ನೂ ಆಚೀಚೆ ಎಳೆಯಿರಿ, ತಾನಾಗಿ ಬೇರೆಯಾಗುತ್ತೆ. ಒಬ್ಬರು ಫಿಲ್ಮ್ ಹಿಡಿದರೆ ಇನ್ನೊಬ್ಬರು ಅಂಟಿನ ಮುಖಕ್ಕೆ ಧಾರಾಳವಾಗಿ ನೀರು ಹೊಡೆಯಬೇಕು, ಗಾಜಿಗೂ ಹೊಡೆಯಬೇಕು. ನೀರಿದ್ದರೆ ಫಿಲ್ಮನ್ನು ಬೇಕಾದಂತೆ ಸರಿಸಬಹುದು. ಕೂರಿಸಿದ ಮೇಲೆ ಹೊರಮುಖವನ್ನೂ ಒದ್ದೆ ಮಾಡಿ, ಹಳೆ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ಒತ್ತಿ ನೀರು ತಳ್ಳಿ. ಬಟ್ಟೆ ಇಲ್ಲದ ಕಾರ್ಡು ಗೀರು ಹಾಕುತ್ತೆ. ಕೊನೆಗೆ ಸ್ಟೀಲ್ ಸ್ಕೇಲನ್ನು ರಬ್ಬರಿಗೆ ಆನಿಸಿ, ಪೇಪರ್ ಕಟರಿಗೆ ಹೊಸ ಬ್ಲೇಡ್ ಮುರಿದುಕೊಂಡು ಹಗುರವಾಗಿ ಒಂದೇ ಎಳೆತಕ್ಕೆ ಕತ್ತರಿಸಿ. ಸ್ಕೇಲಿನ ದಪ್ಪವೇ ನಿಮಗೆ ಬೇಕಾದ ಸಂದು. ಕತ್ತರಿಸಿದ ಮೇಲೆ ಅಂಚನ್ನು ಇನ್ನೊಂದು ಸಲ ಒತ್ತಿ.

ಪಿನ್‌ಹೆಡ್ ಗಾಜು ಇರುವವರಿಗೆ ಒಂದು ಮಾತು: ಅದರ ಗುಳ್ಳೆ ಗುಳ್ಳೆ ಮುಖದ ಮೇಲೆ ಯಾವ ಫಿಲ್ಮೂ ನಿಲ್ಲಲ್ಲ. ನುಣುಪು ಮುಖ ಯಾವ ಕಡೆಯಿದೆಯೋ ಆ ಕಡೆಗೇ ಹಾಕಬೇಕು.

ಇನ್ನು ದೇವರಮನೆ ಬಾಗಿಲು. ಚುಕ್ಕಿ ರಂಗೋಲಿಯನ್ನು ಕಾಗದದಲ್ಲಿ ಕತ್ತರಿಸಿ ಕೊರೆಯಚ್ಚು ಮಾಡಹೊರಟರೆ ಒಂದು ಫಜೀತಿ ಎದುರಾಗುತ್ತೆ. ಎಳೆ ರಂಗೋಲಿಯಲ್ಲಿ ಗೆರೆ ಸುತ್ತಿ ಬಂದು ಕೂಡಿಕೊಳ್ಳುತ್ತೆ, ಗೆರೆ ಕತ್ತರಿಸಿದ ಕೂಡಲೇ ಒಳಗಿನ ಚುಕ್ಕಿ ಇರುವ ತುಂಡು ಕೆಳಗುದುರುತ್ತೆ. 'ಶುಭ'ದ ಅಕ್ಷರಗಳ ಹೊಟ್ಟೆಯೂ ಹೀಗೇ ಉದುರುತ್ತೆ. ಅಂಟುವ ಫಿಲ್ಮಿನಲ್ಲಿ ಈ ಕಷ್ಟವಿಲ್ಲ, ಒಳತುಂಡುಗಳು ಹಿಂದಿನ ಕಾಗದದ ಮೇಲೆ ಇದ್ದಲ್ಲೇ ಇರುತ್ತವೆ. ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿಕೊಡುವ ಅಂಗಡಿಗೆ ನಿಮ್ಮ ರಂಗೋಲಿ ಒಯ್ಯಿರಿ. ಕಟಿಂಗ್ ಪ್ಲಾಟರ್ (ಕಂಪ್ಯೂಟರಿನಲ್ಲಿ ಬರೆದ ಗೆರೆಯಂತೆ ಕತ್ತರಿಸುವ ಯಂತ್ರ) ಇದ್ದರೆ ಫ್ರಾಸ್ಟೆಡ್ ಫಿಲ್ಮಿನಲ್ಲೇ ಕತ್ತರಿಸಿ, ಎಲ್ಲ ತುಂಡನ್ನೂ ಒಟ್ಟಿಗೆ ಎತ್ತುವ ಟ್ರಾನ್ಸ್‌ಫರ್ ಟೇಪ್ ಹಚ್ಚಿ ಕೊಡುತ್ತಾರೆ. ಗೆರೆ ನಾಲ್ಕು ಮಿಲಿಮೀಟರಿಗಿಂತ ಸಣ್ಣದಾಗದಿರಲಿ, ಸಣ್ಣ ಗೆರೆಯ ತುದಿ ಬೇಗ ಏಳುತ್ತೆ. ಬಾಗಿಲಿನ ಒಳಮುಖಕ್ಕೆ ಅಂಟಿಸಿ ಹೊರಗಿನಿಂದ ಓದಬೇಕಾದರೆ ಅಕ್ಷರವನ್ನು ಕನ್ನಡಿಬಿಂಬದಂತೆ ತಿರುಗಿಸಿ ಕತ್ತರಿಸಲು ಹೇಳಿ. ಮರೆತರೆ 'ಲಾಭ' ದೇವರಿಗೆ ಮಾತ್ರ ಕಾಣುತ್ತೆ. ಮಬ್ಬು ಹಿನ್ನೆಲೆಯಲ್ಲಿ ಗೆರೆ ಮಾತ್ರ ತಿಳಿಯಾಗಿ ಬಿಟ್ಟರೆ ಒಳಗಿನ ದೀಪದ ಬೆಳಕಿಗೆ ರಂಗೋಲಿ ಹೊಳೆಯುತ್ತೆ. ನಮಗೆ ಇಷ್ಟವಾಗೋದು ಅದೇ.

ಸ್ಪ್ರೇ ಡಬ್ಬಿ ಕನ್ನಡಿ, ಫೋಟೋ ಗಾಜಿನಂಥ ಬಿಡಿಸಿ ಮಲಗಿಸಬಹುದಾದ ವಸ್ತುವಿಗೆ ಚೆನ್ನ. ಎರಡು ನಿಮಿಷ ಕುಲುಕಿ, 25–30 ಸೆಂಟಿಮೀಟರ್ ದೂರದಿಂದ ತೆಳ್ಳಗೆ ಮೂರು ಕೋಟ್, ನಡುನಡುವೆ ಹತ್ತು-ಹದಿನೈದು ನಿಮಿಷ. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತೆ. ದೂರದಿಂದ, ಗಾಳಿಯಲ್ಲಿ ಹೊಡೆದರೆ ಹನಿ ಗಾಜು ಮುಟ್ಟೋ ಮೊದಲೇ ಒಣಗಿ ರವೆಯಂತೆ ಕೂರುತ್ತೆ. ಆ ಹಬೆ ಹೊತ್ತಿಕೊಳ್ಳುವಂಥದ್ದು, ಹಾಗಾಗಿ ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ, ದೀಪ ಶಾಂತವಾಗದ ದೇವರಮನೆಯಲ್ಲಿ ಡಬ್ಬಿಯನ್ನೇ ತೆಗೆಯಬೇಡಿ. ನೀರು ಬೀಳುವ ಕಿಟಕಿಗೆ ಇದು ಬಾಳಿಕೆಯದಲ್ಲ.

ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಟೊಮೆಟೊ, ದ್ರಾಕ್ಷಿ ಎಲೆ ಹಳದಿಯಾದಾಗ ರೈತರು ಸಿಂಪಡಿಸೋದೂ ಇದನ್ನೇ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ. ಒಂದು ಲೋಟ ಬಿಸಿನೀರಿಗೆ ಒಂದು ಲೋಟ ಉಪ್ಪು ಕರಗಿಸಿ, ಎರಡು ಹನಿ ಪಾತ್ರೆ ಲಿಕ್ವಿಡ್ ಸೇರಿಸಿ, ಆರಿದ ಮೇಲೆ ಸ್ಪಂಜಿನಲ್ಲಿ ಗಾಜಿಗೆ ಹಚ್ಚಿ. ಆರುತ್ತಾ ಬಂದ ಹಾಗೆ ಒಂದು ಮೂಲೆಯಿಂದ ಸೂಜಿ ಸೂಜಿಯಾಗಿ ಹೊರಟು, ಗರಿಯಂತೆ ಕವಲೊಡೆದು ಗಾಜೆಲ್ಲ ಹಬ್ಬುತ್ತೆ. ನೋಡಲು ಇದರಷ್ಟು ಚಂದದ್ದು ಬೇರಿಲ್ಲ. ಆದರೆ ಒದ್ದೆ ಬಟ್ಟೆ ತಾಗಿದರೆ ಮುಗೀತು. ದೀಪಾವಳಿಗೆ ಹಾಲ್ ಕಿಟಕಿಗೆ ಹಾಕಿ, ಬಚ್ಚಲಿಗೆ ಬೇಡ.

ಎಚಿಂಗ್ ಕ್ರೀಮ್ ಮಾತ್ರ ಯೋಚಿಸಿ ಮುಟ್ಟಿ. ಗಾಜನ್ನು ತಿನ್ನುವುದು ಅದರಲ್ಲಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವ ಅದೇ ಫ್ಲೋರೈಡ್, ಇಲ್ಲಿ ಮುದ್ದೆಯಾಗಿ ಇರುತ್ತೆ. ಚರ್ಮಕ್ಕೆ ತಾಗಿದಾಗ ಉರಿ ತಡವಾಗಿ ಗೊತ್ತಾಗಬಹುದು, ಅಷ್ಟರಲ್ಲಿ ಒಳಗಿಳಿದಿರುತ್ತೆ. ಗ್ಲೌಸ್, ಕನ್ನಡಕ, ತೆರೆದ ಜಾಗ ಬೇಕೇ ಬೇಕು. ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಒಯ್ಯಿರಿ. ಮೇಲಾಗಿ ದೊಡ್ಡ ಗಾಜಿನ ಮೇಲೆ ಒಂದೇ ಸಮ ಬರಲ್ಲ, ಬ್ರಷ್ ಗುರುತು ಉಳಿಯುತ್ತೆ, ಅಳಿಸೋ ಮಾತೇ ಇಲ್ಲ. ಶಾಶ್ವತವಾದ ಮಬ್ಬೇ ಬೇಕಾದರೆ ಗಾಜನ್ನು ಬಿಚ್ಚಿ ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕೊಡಿ. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಬೇಕಾದರೆ ಬ್ಲಾಸ್ಟ್ ಮಾಡಿಸಿಯೇ ಟಫನ್ ಮಾಡಿಸಬೇಕು.

ಹೊಸ ಫಿಲ್ಮ್ ಅಂಟಿಸಿದ ಮೇಲೆ ಎರಡು ದಿನ ಆ ಬಚ್ಚಲಲ್ಲಿ ಬಿಸಿನೀರು ಸ್ನಾನ ಬೇಡ, ಒಂದು ವಾರ ಒರೆಸಬೇಡಿ. ಹಾಲಿನಂಥ ತೇಪೆಗಳು ಕಂಡರೆ ಗಾಬರಿಯಾಗಬೇಡಿ. ಬೆರಳಿನಿಂದ ಒತ್ತಿ ನೋಡಿ: ಜರುಗಿದರೆ ನೀರು, ಒಂದೆರಡು ವಾರದಲ್ಲಿ ತಾನೇ ಆರುತ್ತೆ. ಒತ್ತಿದರೂ ಅಲ್ಲೇ ಉಬ್ಬಿ ನಿಂತರೆ ಗಾಳಿ. ಅದರ ಅಂಚಿನಲ್ಲಿ ಸಣ್ಣ ಸೂಜಿಯಿಂದ ಒಂದೇ ಚುಚ್ಚು ಚುಚ್ಚಿ, ಆ ತೂತಿನ ಕಡೆಗೆ ಹೆಬ್ಬೆರಳಿನಿಂದ ತಳ್ಳಿ. ನಡುವೆ ಗಟ್ಟಿ ಕಾಳು ಸಿಕ್ಕಂತಾದರೆ ಅದು ಮಣ್ಣಿನ ಕಣ, ಚುಚ್ಚಿದರೆ ಹೋಗಲ್ಲ, ಹಾಗೇ ಬಿಡಿ.