ತುಕ್ಕು ಹಿಡಿದ ಕಡಲಿನ ಮೇಲೊಂದು ದಾರಿ

ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್ ಬಂದರಿನಿಂದ ನ್ಯೂಮನ್ ಎಂಬ ಗಣಿ ಪಟ್ಟಣಕ್ಕೆ ಗ್ರೇಟ್ ನಾರ್ದರ್ನ್ ಹೆದ್ದಾರಿಯಲ್ಲಿ ಸುಮಾರು 450 ಕಿಲೋಮೀಟರ್. ಪಿಲ್ಬರಾ ಎಂದು ಕರೆಯುವ ಈ ಸೀಮೆಯಲ್ಲಿ ದಾರಿಯುದ್ದಕ್ಕೂ ಊರೆನ್ನುವಂಥದ್ದು ಇಲ್ಲವೆಂದೇ ಹೇಳಬೇಕು. ಪೆಟ್ರೋಲು, ಊಟ, ಹಾಸಿಗೆ ಮೂರನ್ನೂ ಒಂದೇ ಕಡೆ ಒದಗಿಸುವ ರೋಡ್‌ಹೌಸ್ ಸಿಕ್ಕಿದಲ್ಲಿ ಟ್ಯಾಂಕು ತುಂಬಿಸಿಕೊಳ್ಳದೆ ಮುಂದೆ ಹೋಗುವುದು ಜಾಣತನವಲ್ಲ. ಮೂರು ನಾಲ್ಕು ಟ್ರೇಲರುಗಳನ್ನು ಎಳೆದುಕೊಂಡು ಬರುವ, 50 ಮೀಟರಿಗೂ ಉದ್ದದ ‘ರೋಡ್ ಟ್ರೈನ್’ ಲಾರಿ ಎದುರಿನಿಂದ ಹಾದುಹೋದರೆ ಗಾಳಿಯ ಹೊಡೆತಕ್ಕೆ ಕಾರು ಒಮ್ಮೆ ಓಲಾಡುತ್ತದೆ. ಅದರ ಹಿಂದೆಯೇ ಕೆಂಪು ಧೂಳು ಏಳುತ್ತದೆ. ಸಂಡೂರು, ಹೊಸಪೇಟೆ ಕಡೆಯವರಿಗೆ ಈ ಧೂಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿಯದೂ ಇಲ್ಲಿಯದೂ ಒಂದೇ ಜಾತಿಯ ಕಲ್ಲಿನಿಂದ ಎದ್ದದ್ದು.

ಕರಾವಳಿಯ ಮಣ್ಣು ಮುಗಿದ ಮೇಲೆ, ದಕ್ಷಿಣಕ್ಕೆ ಸಾಗಿದಂತೆ ಒಟ್ಟಾರೆಯಾಗಿ ನೆಲದ ವಯಸ್ಸು ಇಳಿಯುತ್ತ ಹೋಗುವುದು ಈ ದಾರಿಯ ವಿಶೇಷ. ಮೊದಲು ಸಿಗುವ, ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು ಹರಡಿದ ಬಯಲಿನ ಅಡಿಯಲ್ಲಿರುವುದು ಬಹುಮಟ್ಟಿಗೆ 300 ಕೋಟಿ ವರ್ಷದ ಆಸುಪಾಸಿನ ಗ್ರಾನೈಟು. ಪೂರ್ವಕ್ಕೆ ಕವಲೊಡೆದು ಹೋದರೆ ಮಾರ್ಬಲ್ ಬಾರ್ ಎಂಬ ಊರಿದೆ. 1923ರ ಅಕ್ಟೋಬರ್ ಕೊನೆಯಿಂದ ಮುಂದಿನ ಏಪ್ರಿಲ್‌ವರೆಗೆ ಸತತ 160 ದಿನ ಅಲ್ಲಿ ಉಷ್ಣಾಂಶ 37.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ದಾಟಿತ್ತು. ಹೊಳೆಗೆ ಅಡ್ಡಲಾಗಿರುವ ಬಣ್ಣದ ಬಂಡೆಯನ್ನು ಅಮೃತಶಿಲೆಯೆಂದು ತಿಳಿದವರು ಇಟ್ಟ ಹೆಸರು ಹಾಗೆಯೇ ಉಳಿದಿದೆ. ನಿಜಕ್ಕೂ ಅದು ಜಾಸ್ಪರ್ ಎಂಬ ಸಿಲಿಕಾ ಕಲ್ಲು, ಮತ್ತು ಅದರ ಕೆಂಪಿಗೆ ಕಾರಣ ಕಬ್ಬಿಣ. ಅದೇ ಸೀಮೆಯ ಶಿಲೆಗಳಲ್ಲಿ, ಸುಮಾರು 348 ಕೋಟಿ ವರ್ಷಗಳ ಹಿಂದೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ಸಿಕ್ಕಿವೆ.

ಹೆದ್ದಾರಿ ಚಿಚೆಸ್ಟರ್ ಬೆಟ್ಟಗಳನ್ನೂ ಫೋರ್ಟೆಸ್ಕ್ಯೂ ನದಿಯ ಕಣಿವೆಯನ್ನೂ ದಾಟಿ ಹ್ಯಾಮರ್ಸ್ಲಿ ಶ್ರೇಣಿಯನ್ನು ಹೊಕ್ಕಾಗ ನಿಜವಾದ ಕಬ್ಬಿಣದ ನಾಡು ಶುರುವಾಗುತ್ತದೆ. ಇಲ್ಲಿನ ಕರಿಜಿನಿ ರಾಷ್ಟ್ರೀಯ ಉದ್ಯಾನದ ಕಮರಿಗಳಿಗೆ ಇಳಿದು ನಿಂತರೆ, ಕೆಂಪು, ಕಪ್ಪು, ಬೂದು ಬಣ್ಣದ ತೆಳುವಾದ ಪಟ್ಟೆಗಳನ್ನು ಸೀರೆಯ ಮಡಿಕೆಗಳಂತೆ ಒಂದರ ಮೇಲೊಂದು ಜೋಡಿಸಿಟ್ಟ ಗೋಡೆಗಳು ಕಾಣುತ್ತವೆ. ಕಬ್ಬಿಣದ ಆಕ್ಸೈಡಿನ ಒಂದು ಪದರ, ಸಿಲಿಕಾದ ಒಂದು ಪದರ ಹೀಗೆ ಸಾಗುವ ಈ ಪಟ್ಟೆ ಕಬ್ಬಿಣಶಿಲೆ ಸುಮಾರು 260ರಿಂದ 245 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಮಡ್ಡಿ.

ಕಡಲಿನಲ್ಲಿ ಇಷ್ಟೊಂದು ಕಬ್ಬಿಣ ಬಂದದ್ದಾದರೂ ಹೇಗೆ? ಕಬ್ಬಿಣದ ಅಂಶ ಹೆಚ್ಚಿರುವ ಕೊಳವೆಬಾವಿಯ ನೀರನ್ನು ಬಳಸುವವರು ಉತ್ತರವನ್ನು ಮನೆಯಲ್ಲೇ ಕಂಡಿರುತ್ತಾರೆ. ಎತ್ತಿದಾಗ ತಿಳಿಯಾಗಿರುವ ನೀರು ಕೊಡದಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಗಾಗಿ, ತಳದಲ್ಲಿ ಗಸಿ ಕೂರುತ್ತದೆ. ಆಕ್ಸಿಜನ್ ಇಲ್ಲದಲ್ಲಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ. ಆಕ್ಸಿಜನ್ ತಗುಲಿದೊಡನೆ ಕರಗದ ತುಕ್ಕಾಗಿ ಬೇರ್ಪಡುತ್ತದೆ. ಆ ಕಾಲದ ಭೂಮಿಯ ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲವೆಂದರೂ ಸರಿಯೇ. ಹೀಗಾಗಿ ಕಡಲತಳದ ಬಿಸಿನೀರಿನ ಬುಗ್ಗೆಗಳು ಉಗುಳಿದ ಕಬ್ಬಿಣ ಸಮುದ್ರದಲ್ಲಿ ಕರಗಿ ಶೇಖರವಾಗಿತ್ತು. ಸಯನೋಬ್ಯಾಕ್ಟೀರಿಯಾಗಳು ಬಿಸಿಲು ಬಳಸಿ ನೀರನ್ನು ಒಡೆದು ಆಕ್ಸಿಜನ್ ಬಿಡತೊಡಗಿದಾಗ ಅದನ್ನು ಮೊದಲು ನುಂಗಿದವುಗಳಲ್ಲಿ ಈ ಕಬ್ಬಿಣವೂ ಒಂದು. ಗಾಳಿಯಲ್ಲಿ ಆಕ್ಸಿಜನ್ ಉಳಿಯತೊಡಗಿದ್ದು 240 ಕೋಟಿ ವರ್ಷಗಳ ಆಸುಪಾಸಿನಲ್ಲಿ. ಆಕ್ಸಿಜನ್ನಿನ ನೆರವಿಲ್ಲದೆ ಬೆಳಕಿನ ಬಲದಿಂದ ನೇರವಾಗಿ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾಗಳೂ ಉಂಟು, ಈ ಕೆಲಸದಲ್ಲಿ ಅವುಗಳ ಪಾಲೂ ಇದ್ದಿರಬಹುದು. ಪಟ್ಟೆಗಳೇಕೆ ಮೂಡಿದವು ಎಂಬ ವಾದವಂತೂ ಇನ್ನೂ ಮುಗಿದಿಲ್ಲ. ಋತುಮಾನಕ್ಕೆ ತಕ್ಕಂತೆ ಜೀವಿಗಳು ಹೆಚ್ಚಿ ಕುಗ್ಗಿದ್ದು ಕಾರಣವೆನ್ನುವವರಿದ್ದಾರೆ, ಬುಗ್ಗೆಗಳ ಏರಿಳಿತವೆನ್ನುವವರೂ ಇದ್ದಾರೆ. ಕೂದಲೆಳೆಯಂಥ ಕೆಲವು ಪಟ್ಟೆಗಳನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದವರೆಗೆ ಗುರುತಿಸಬಹುದೆಂಬುದು ನನಗೆ ಎಲ್ಲಕ್ಕಿಂತ ಬೆರಗಿನ ಸಂಗತಿ. ಆ ಕಡಲು ಅದೆಷ್ಟು ನಿಶ್ಚಲವಾಗಿದ್ದಿರಬೇಕು!

ಪಟ್ಟೆಶಿಲೆಯಲ್ಲಿ ಕಬ್ಬಿಣವಿರುವುದು ಶೇಕಡ 30ರ ಆಸುಪಾಸು. ಅನಂತರದ ಯುಗಗಳಲ್ಲಿ ನೀರು ಸಿಲಿಕಾವನ್ನು ತೊಳೆದು ಹಾಕಿದ ಜಾಗಗಳಲ್ಲಿ ಮಾತ್ರ ಅದು ಶೇಕಡ 60ನ್ನು ದಾಟಿ, ಗಣಿಗಾರರು ಹುಡುಕುವ ಹೆಮಟೈಟ್ ಅದಿರಾಯಿತು. 1952ರಲ್ಲಿ ಸಣ್ಣ ವಿಮಾನದಲ್ಲಿ ಹೋಗುವಾಗ ಮೋಡ ಕವಿದು, ಕಮರಿಯೊಳಗೆ ತಗ್ಗಿ ಹಾರುತ್ತಿದ್ದಾಗ ತುಕ್ಕು ಬಣ್ಣದ ಗೋಡೆಗಳನ್ನು ಕಂಡೆನೆಂದು ಆ ಸೀಮೆಯ ಗಣಿ ಉದ್ಯಮಿ ಲ್ಯಾಂಗ್ ಹ್ಯಾನ್‌ಕಾಕ್ ಹೇಳಿಕೊಂಡ ಕಥೆ ಅಲ್ಲಿ ಮನೆಮಾತು. ಆದರೆ 1938ರಿಂದ ಅದಿರಿನ ರಫ್ತಿಗೆ ಸರ್ಕಾರದ ನಿಷೇಧವಿತ್ತು; ಅದು ಸಡಿಲಗೊಂಡದ್ದು 1960ರಲ್ಲಿ.

ಇದೇ ಹ್ಯಾನ್‌ಕಾಕ್ ಅದಕ್ಕೂ ಮುಂಚೆ ವಿಟ್ಟನೂಮ್ ಎಂಬ ಊರಿನ ಪರಿಸರದಲ್ಲಿ ನೀಲಿ ಕಲ್ನಾರು (ಆಸ್ಬೆಸ್ಟಾಸ್) ತೆಗೆಸುತ್ತಿದ್ದವನು. ಆ ಕಲ್ನಾರು ಕೂಡ ಪಟ್ಟೆ ಕಬ್ಬಿಣಶಿಲೆಯ ಪದರಗಳ ನಡುವೆಯೇ ಬೆಳೆದ ಖನಿಜ. ಅದರ ಸೂಜಿಯಂಥ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಹೊರಬರುವುದಿಲ್ಲ, ದಶಕಗಳ ನಂತರ ಕ್ಯಾನ್ಸರಾಗಿ ಕಾಣಿಸಿಕೊಳ್ಳುತ್ತವೆ. ಗಣಿ 1966ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು, ವಾಸಿಸಿದವರು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. 2007ರಲ್ಲಿ ಊರಿನ ಅಧಿಕೃತ ಮಾನ್ಯತೆಯನ್ನೇ ಸರ್ಕಾರ ರದ್ದುಪಡಿಸಿತು. ಇದೇ ಶ್ರೇಣಿಯ ಜೂಕನ್ ಕಮರಿಯಲ್ಲಿ, 46,000 ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಕಲ್ಲಾಸರೆಗಳನ್ನು 2020ರ ಮೇ ತಿಂಗಳಲ್ಲಿ ರಿಯೊ ಟಿಂಟೊ ಕಂಪನಿ ಅದಿರಿಗಾಗಿ ಸಿಡಿಸಿದ್ದನ್ನೂ ಇಲ್ಲಿ ಹೇಳದೆ ಬಿಡಲಾಗದು.

ದಾರಿಯ ಕೊನೆಗೆ, ನ್ಯೂಮನ್ ಪಕ್ಕದಲ್ಲಿ, ಮೌಂಟ್ ವೇಲ್‌ಬ್ಯಾಕ್ ಇದೆ. ಹೆಸರಿನಲ್ಲಷ್ಟೇ ಬೆಟ್ಟ, 1960ರ ದಶಕದ ಕೊನೆಯಿಂದ ಅಗೆದು ಅಗೆದು ಈಗ ಅದು ಐದು ಕಿಲೋಮೀಟರಿಗೂ ಉದ್ದದ ಗುಂಡಿ. ಅಲ್ಲಿಂದ ಬಂದರಿಗೆ ಹೋಗುವ ರೈಲುಮಾರ್ಗದಲ್ಲಿ 2001ರ ಜೂನ್ 21ರಂದು 682 ವ್ಯಾಗನ್‌ಗಳ, 7.3 ಕಿಲೋಮೀಟರ್ ಉದ್ದದ ಒಂದೇ ರೈಲನ್ನು ಒಬ್ಬನೇ ಚಾಲಕ ನಡೆಸಿದ ದಾಖಲೆಯಿದೆ. ಬಂದರಿನಿಂದ ಅದಿರಿನ ಬಹುಪಾಲು ಚೀನಾದ ಊದುಕುಲುಮೆಗಳಿಗೆ ಹೋಗುತ್ತದೆ. ಅಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್‌ ಉರಿದು ಹುಟ್ಟಿದ ಕಾರ್ಬನ್ ಮಾನಾಕ್ಸೈಡ್, ಆ ಹಳೆಯ ಕಡಲಿನಲ್ಲಿ ಕಬ್ಬಿಣ ಹಿಡಿದಿಟ್ಟುಕೊಂಡ ಆಕ್ಸಿಜನ್ನನ್ನು ಕಿತ್ತುಕೊಳ್ಳುತ್ತದೆ; ಕಬ್ಬಿಣ ಕರಗಿ ಕೆಳಗಿಳಿಯುತ್ತದೆ, ಸುಮಾರು 250 ಕೋಟಿ ವರ್ಷ ಕಲ್ಲಿನೊಳಗಿದ್ದ ಆಕ್ಸಿಜನ್ ಇಂಗಾಲದ ಡೈಆಕ್ಸೈಡಾಗಿ ಚಿಮಣಿಯಿಂದ ಗಾಳಿ ಸೇರುತ್ತದೆ.